ಸಂಪಾದಕರ ಉತ್ತರ: ಕಾರ್ಖಾನೆ ಉಳಿಯಿತು, ಪಕ್ಷ ಹೋಯಿತು

ದಾವಣಗೆರೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದಾರೆ: "ನನ್ನ ತಂಗಿಯ ಮಗ ಸ್ಲೊವಾಕಿಯಾದ ನಿತ್ರಾ ಊರಿನಲ್ಲಿದ್ದಾನೆ. ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆಯಲ್ಲಿ ಕೆಲಸ. 'ಮಾವ, ಇಲ್ಲಿಗೆ ಕಾರ್ಖಾನೆ ತಂದ ಪಕ್ಷವನ್ನು ಈಗ ಕೇಳುವವರೇ ಇಲ್ಲ' ಎಂದು ಮೊನ್ನೆ ಫೋನಿನಲ್ಲಿ ಹೇಳಿದ. ದುಡಿದವರನ್ನು ಜನ ಹೀಗೆ ಅಳಿಸಿ ಹಾಕುವುದೇ? ಮತದಾರರಿಗೆ ಉಪಕಾರ ಸ್ಮರಣೆ ಬೇಡವೇ?"

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಸೋದರಳಿಯ ಹೇಳಿದ್ದು ಅರ್ಧ ಸರಿ. ಅವನು ಕೆಲಸ ಮಾಡುವ ಕಾರ್ಖಾನೆಯನ್ನು ಆ ಪಕ್ಷ, ಅಂದರೆ ಎಸ್‌ಡಿಕೆಯು, ತಂದಿದ್ದಲ್ಲ. ಅದರ ಒಪ್ಪಂದ ಆಗಿದ್ದು 2015ರಲ್ಲಿ, ಆ ಪಕ್ಷದ ಎದುರಾಳಿ ರಾಬರ್ಟ್ ಫಿತ್ಸೊ ಪ್ರಧಾನಿಯಾಗಿದ್ದಾಗ. ಆದರೆ ತ್ರ್ನಾವಾ ಊರಿಗೆ ಪಜೋ, ಝಿಲಿನಾ ಊರಿಗೆ ಕಿಯಾ ಕಾರು ಕಾರ್ಖಾನೆ ಬರುವುದು ತೀರ್ಮಾನವಾಗಿದ್ದು ಅವನು ಹೇಳುವ ಪಕ್ಷದ ಕಾಲದಲ್ಲೇ, 2003–04ರಲ್ಲಿ. ಝಿಲಿನಾದಲ್ಲಿ ಕಿಯಾ ಕಾರು ತಯಾರಾಗಲು ಶುರುವಾದದ್ದು 2006ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಅಡಿಗೆ ಮಾಡಿದವರು ಒಬ್ಬರು, ಬಡಿಸಿದವರು ಇನ್ನೊಬ್ಬರು.

ಆ ಪಕ್ಷದ ಪೂರ್ತಿ ಹೆಸರು ಸ್ಲೊವಾಕ್ ಡೆಮಾಕ್ರಟಿಕ್ ಆ್ಯಂಡ್ ಕ್ರಿಶ್ಚಿಯನ್ ಯೂನಿಯನ್. ಉದ್ದ ಜಾಸ್ತಿ, ಎಸ್‌ಡಿಕೆಯು ಎಂದೇ ಅನ್ನೋಣ. ನಡುವಿನಿಂದ ತುಸು ಬಲಕ್ಕೆ ನಿಂತ ಪಕ್ಷ. ಮಾರುಕಟ್ಟೆ ಬೇಕು, ಯುರೋಪ್ ಬೇಕು, ಚರ್ಚಿನ ಬಗ್ಗೆ ಗೌರವವೂ ಇರಲಿ ಎನ್ನುವವರು.

ಅದು ಹೇಗೆ ಹುಟ್ಟಿತು ಎಂಬುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. 1993ರ ಜನವರಿ 1ಕ್ಕೆ ಜೆಕೊಸ್ಲೊವಾಕಿಯಾ ಎರಡು ದೇಶವಾಯಿತು. ಸ್ಲೊವಾಕಿಯಾ ಪ್ರಧಾನಿ ವ್ಲಾದಿಮಿರ್ ಮೆಚಿಯಾರ್ ಕೈಗೆ ಬಂತು. 1995ರಲ್ಲಿ ಮೆಚಿಯಾರ್‌ಗೆ ಆಗದ ರಾಷ್ಟ್ರಪತಿಯ ಮಗನನ್ನೇ ಯಾರೋ ಅಪಹರಿಸಿ ಆಸ್ಟ್ರಿಯಾದಲ್ಲಿ ಬಿಟ್ಟು ಬಂದರು. ಅನುಮಾನ ದೇಶದ ಗುಪ್ತಚರರ ಮೇಲೆ. 1997ರಲ್ಲಿ ಅಮೆರಿಕ–ಯುರೋಪ್ ಸೇನಾ ಕೂಟ ನೇಟೊ ಪಕ್ಕದ ಪೋಲೆಂಡ್, ಜೆಕ್, ಹಂಗೇರಿಯನ್ನು ಒಳಗೆ ಕರೆಯಿತು. ಸ್ಲೊವಾಕಿಯಾವನ್ನು ಹೊಸ್ತಿಲಾಚೆಯೇ ನಿಲ್ಲಿಸಿತು. ಅಮೆರಿಕದ ವಿದೇಶಾಂಗ ಸಚಿವೆ ಮ್ಯಾಡಲಿನ್ ಆಲ್‌ಬ್ರೈಟ್ ಅದನ್ನು ಯುರೋಪಿನ ನಡುವಿನ ಕಪ್ಪು ಕುಳಿ ಎಂದು ಕರೆದದ್ದು ಆಗಲೇ.

ಐದು ವಿರೋಧ ಪಕ್ಷಗಳು ಕೂಡಿದವು. ಮೆಚಿಯಾರ್ ಸುಮ್ನೆ ಕೂರಲಿಲ್ಲ. 1998ರ ಚುನಾವಣೆಗೆ ಸ್ವಲ್ಪ ಮುಂಚೆ ಕಾನೂನು ತಿದ್ದಿಸಿದರು. ಮೈತ್ರಿಕೂಟವಾದರೂ ಒಳಗಿನ ಒಂದೊಂದು ಪಕ್ಷವೂ ಬೇರೆ ಬೇರೆಯಾಗಿ ಶೇ. 5 ಓಟು ಪಡೆಯಬೇಕು ಎಂದರು. ಚಿಕ್ಕವರನ್ನು ಸೋಸಿ ಎಸೆಯುವ ಜರಡಿ ಅದು. ಇವರು ಏನು ಮಾಡಿದರು ಗೊತ್ತಾ? ಐದನ್ನೂ ಸೇರಿಸಿ ಒಂದೇ ಪಕ್ಷ ಎಂದು ನೋಂದಣಿ ಮಾಡಿಸಿದರು. ಅದರ ಮುಂದಾಳು ಮಿಕುಲಾಶ್ ಜುರಿಂದಾ. ಮ್ಯಾರಥಾನ್ ಓಡುವ ಮನುಷ್ಯ. ಮೆಚಿಯಾರ್ ಪಕ್ಷಕ್ಕೆ ಶೇ. 27, ಇವರಿಗೆ ಶೇ. 26ರ ಮೇಲೆ ಚೂರು. ಮೆಚಿಯಾರ್‌ಗೆ ಬಹುಮತಕ್ಕೆ ಬೇಕಾದಷ್ಟು ಜೊತೆಗಾರರು ಸಿಗಲಿಲ್ಲ. ಜುರಿಂದಾ ಪ್ರಧಾನಿಯಾದರು.

ಗೆದ್ದ ಮೇಲೆ ಆ ಐದು ಪಕ್ಷದವರೂ ತಂತಮ್ಮ ಜನರನ್ನು ವಾಪಸ್ ಕೇಳಿದರು. ಜುರಿಂದಾ ಕೊಡಲಿಲ್ಲ. 2000ದಲ್ಲಿ, ಪ್ರಧಾನಿ ಕುರ್ಚಿಯಲ್ಲಿ ಕೂತೇ, ಹೊಸ ಪಕ್ಷ ಕಟ್ಟಿದರು. ಅದೇ ಎಸ್‌ಡಿಕೆಯು. ಊರಿನ ಕಟ್ಟೆಯ ಮೇಲೆ ಹುಟ್ಟಿದ್ದಲ್ಲ, ಸಚಿವರ ಕೋಣೆಯಲ್ಲಿ ಹುಟ್ಟಿದ್ದು. ಮೊದಲು ಅಧಿಕಾರ, ಆಮೇಲೆ ಪಕ್ಷ, ಕೊನೆಗೆ ಕಾರ್ಯಕರ್ತರು.

ಕೆಲಸ ಮಾತ್ರ ಕಮ್ಮಿ ಮಾಡಲಿಲ್ಲ. 2004ರಲ್ಲಿ ನೇಟೊ, ಅದೇ ವರ್ಷ ಯುರೋಪಿಯನ್ ಒಕ್ಕೂಟ. ಆ ವರ್ಷದ ಜನವರಿಯಿಂದ ಹಣಕಾಸು ಸಚಿವ ಇವಾನ್ ಮಿಕ್ಲೋಶ್ ತಂದ ತೆರಿಗೆ: ಸಂಬಳಕ್ಕೆ ಶೇ. 19, ಕಂಪನಿ ಲಾಭಕ್ಕೆ ಶೇ. 19, ಅಂಗಡಿ ಸಾಮಾನಿನ ಮೇಲೂ ಶೇ. 19. ಅದಕ್ಕೆ ಮುಂಚೆ ಆದಾಯ ತೆರಿಗೆ ಶೇ. 10ರಿಂದ 38ರವರೆಗೆ ಮೆಟ್ಟಿಲು ಮೆಟ್ಟಿಲಾಗಿತ್ತು. ಹೊರಗಿನ ಹೂಡಿಕೆದಾರರು ಖುಷಿಯಾದರು. ಆದರೆ ಅಂಗಡಿಯಲ್ಲಿ ಅಲ್ಲಿಯವರೆಗೆ ಶೇ. 14 ತೆರಿಗೆಗೆ ಸಿಗುತ್ತಿದ್ದ ಸಾಮಾನಿಗೂ ಶೇ. 19 ಬಿತ್ತು. ಡಾಕ್ಟರ ಬಳಿ ಹೋದರೆ 20 ಕೊರುನಾ (ಆಗಿನ ಅಲ್ಲಿನ ನಾಣ್ಯ), ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 50. ದೊಡ್ಡ ಮೊತ್ತವೇನಲ್ಲ. ಆದರೆ ಕಮ್ಯುನಿಸ್ಟ್ ಕಾಲದಿಂದ ಬಿಟ್ಟಿ ಇದ್ದದ್ದು ಇದು. ಕೌಂಟರಿನಲ್ಲಿ ಚಿಲ್ಲರೆ ಎಣಿಸುವಾಗ ಮುದುಕರಿಗೆ ಸುಧಾರಣೆ ಅಂದರೆ ಅದೇ ಆಗಿತ್ತು. ಬಡವರ ಭತ್ಯೆಗೂ ಕತ್ತರಿ ಬಿತ್ತು. 2004ರ ಫೆಬ್ರವರಿಯಲ್ಲಿ ಪೂರ್ವ ಸ್ಲೊವಾಕಿಯಾದ ರೋಮಾ ಎಂಬ ಬಡ ಅಲ್ಪಸಂಖ್ಯಾತರ ಕೇರಿಗಳ ಜನ ಅಂಗಡಿಗಳಿಗೆ ನುಗ್ಗಿದರು. ಸರ್ಕಾರ ಪೊಲೀಸರ ಜೊತೆ ಸೈನಿಕರನ್ನೂ ಕಳಿಸಿತು. ಸುಧಾರಣೆಯನ್ನು ಹೊಗಳಿ ಬರೆಯುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ. ನನಗದು ಇಷ್ಟವಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಇಷ್ಟೆಲ್ಲ ಕಹಿ ಔಷಧಿ ಕುಡಿಸಿದ್ದಕ್ಕೆ ಜನ ಪಕ್ಷವನ್ನು ಒದ್ದರೇ? ಇಲ್ಲ, ಮೇಷ್ಟ್ರೇ. ಲೆಕ್ಕ ನೋಡಿ. 2002ರಲ್ಲಿ ಅವರಿಗೆ ಶೇ. 15 ಓಟು. ತೆರಿಗೆ, ಶುಲ್ಕ, ಗಲಾಟೆ ಎಲ್ಲ ಆದ ಮೇಲೆ 2006ರಲ್ಲಿ ಶೇ. 18. ಜಾಸ್ತಿಯೇ ಆಯಿತು! ಅಧಿಕಾರ ಹೋದದ್ದು ನಿಜ, ಫಿತ್ಸೊ ಅವರ ಸ್ಮೆರ್ ಪಕ್ಷಕ್ಕೆ ಶೇ. 29 ಸಿಕ್ಕಿತು. ಆದರೆ ತಮ್ಮವರು ಎಂದು ನಂಬಿದ ಜನ ಕೈಬಿಟ್ಟಿರಲಿಲ್ಲ. ಉಪಕಾರ ಸ್ಮರಣೆ ಅಂದರೆ ಇದೇ ಅಲ್ವಾ?

ಪಕ್ಷವನ್ನು ಕೆಡಿಸಿದ್ದು ಆಮೇಲಿನ ಕಥೆ. 2010ರಲ್ಲಿ ಪಕ್ಷದ ಹಣದ ವಿಚಾರ ಎದ್ದಿತು. ಜುರಿಂದಾ ಚುನಾವಣೆಗೆ ನಿಲ್ಲದೆ ಹಿಂದೆ ಸರಿದರು. ಸಮಾಜಶಾಸ್ತ್ರ ಓದಿದ ಇವೆತಾ ರಾದಿಚೋವಾ ಮುಂದೆ ಬಂದು ದೇಶದ ಮೊದಲ ಮಹಿಳಾ ಪ್ರಧಾನಿಯಾದರು. ಹದಿನೈದು ತಿಂಗಳಿಗೇ ಸರ್ಕಾರ ಮುಗ್ಗರಿಸಿತು. ಗ್ರೀಸಿನ ಸಾಲದ ಬಿಕ್ಕಟ್ಟಿನಲ್ಲಿ ಯೂರೊ ರಕ್ಷಣಾ ನಿಧಿಗೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ರಾದಿಚೋವಾ ಅದನ್ನು ವಿಶ್ವಾಸಮತದ ಜೊತೆ ಗಂಟು ಹಾಕಿದರು. ಮೈತ್ರಿಯ ಇನ್ನೊಂದು ಪಕ್ಷದ ನಾಯಕ ರಿಕಾರ್ಡ್ ಸುಲೀಕ್, 'ಬಡ ಸ್ಲೊವಾಕರು ಗ್ರೀಕರ ಸಾಲ ಏಕೆ ಕಟ್ಟಬೇಕು' ಎಂದು ಕೈಕೊಟ್ಟರು. ತಮಾಷೆ ಏನೆಂದರೆ, ಶೇ. 19ರ ತೆರಿಗೆ ರೂಪಿಸುವಾಗ ಮಿಕ್ಲೋಶ್‌ಗೆ ಸಲಹೆಗಾರರಾಗಿದ್ದವರು ಇದೇ ಸುಲೀಕ್. 2011ರ ಅಕ್ಟೋಬರ್ 11ರಂದು 76 ಓಟು ಬೇಕಿತ್ತು, 55 ಬಿತ್ತು. ಸರ್ಕಾರ ಬಿತ್ತು. ಎರಡೇ ದಿನಕ್ಕೆ ಫಿತ್ಸೊ ಬೆಂಬಲದಿಂದ ನಿಧಿ ಪಾಸಾಯಿತು. ಬೆಲೆ: ಅವಧಿಗೆ ಮುಂಚೆ ಚುನಾವಣೆ.

ಅದರ ಬೆನ್ನಿಗೇ 'ಗೊರಿಲಾ' ಎಂಬ ಹಗರಣ. 2011ರ ಕೊನೆಯಲ್ಲಿ ಇಂಟರ್‌ನೆಟ್ಟಿನಲ್ಲಿ ಒಂದು ಕಡತ ಹೊರಬಂತು. ಜುರಿಂದಾ ಕಾಲದಲ್ಲಿ ಬ್ರಾಟಿಸ್ಲಾವಾದ ಒಂದು ಫ್ಲ್ಯಾಟಿನಲ್ಲಿ ಉದ್ಯಮಿಗಳೂ ರಾಜಕಾರಣಿಗಳೂ ಆಡಿದ ಮಾತನ್ನು ಗುಪ್ತಚರರು ಕದ್ದು ಕೇಳಿ ಬರೆದದ್ದು ಎಂದು ಸುದ್ದಿ. ಸರ್ಕಾರಿ ಆಸ್ತಿ ಮಾರಾಟದಲ್ಲಿ ಯಾರಿಗೆ ಎಷ್ಟು ಎಂಬ ಲೆಕ್ಕ ಅದರಲ್ಲಿತ್ತು. ಹೆಸರು ಬಂದವರು ಅಲ್ಲಗಳೆದರು. ಜನ ಚಳಿಯಲ್ಲಿ ಬೀದಿಗಿಳಿದು ಬಾಳೆಹಣ್ಣು ಎಸೆದರು. 2012ರ ಮಾರ್ಚಿನಲ್ಲಿ ಎಸ್‌ಡಿಕೆಯುಗೆ ಶೇ. 6, ಸ್ಮೆರ್‌ಗೆ 150ರಲ್ಲಿ 83 ಸ್ಥಾನ. 2016ರಲ್ಲಿ ಶೇ. 0.26. ನೂರು ಜನರಲ್ಲಿ ಒಬ್ಬರೂ ಇಲ್ಲ.

ಕಡತದಲ್ಲಿ ಸ್ಮೆರ್ ಕಡೆಯವರ ಹೆಸರೂ ಓಡಾಡಿತ್ತು, ಆ ಪಕ್ಷ ಅಲುಗಲಿಲ್ಲ. ಅದಕ್ಕೆ ಹಳ್ಳಿಹಳ್ಳಿಯಲ್ಲಿ ತನ್ನ ಜನವಿತ್ತು, ಪಿಂಚಣಿದಾರರಿದ್ದರು. ಎಸ್‌ಡಿಕೆಯು ಬಳಿ ಇದ್ದದ್ದು ಎರಡೇ ಬಂಡವಾಳ: ಮೆಚಿಯಾರ್ ಭಯ, ಮತ್ತು 'ನಾವು ಶುದ್ಧ' ಎಂಬ ಹೆಸರು. ಭಯವನ್ನು ಅವರೇ ಓಡಿಸಿದರು, ಮೆಚಿಯಾರ್ ಪಕ್ಷ 2010ರಲ್ಲೇ ಸಂಸತ್ತಿನಿಂದ ಹೊರಬಿದ್ದಿತ್ತು. ಹೆಸರು ಗೊರಿಲಾದಲ್ಲಿ ಹೋಯಿತು. ಹಾಗಾಗಿ ಜನರನ್ನು ಕೃತಘ್ನರು ಎನ್ನಲು ನನಗೆ ಮನಸ್ಸಿಲ್ಲ. ಕೆಲಸಕ್ಕೆ ಅವರು ಓಟು ಕೊಟ್ಟಿದ್ದರು. ವಾಪಸ್ ಪಡೆದದ್ದು ಬೇರೆ ಕಾರಣಕ್ಕೆ.

ಅಂದಹಾಗೆ, ಆ ಶೇ. 19ರ ಒಂದೇ ತೆರಿಗೆಯನ್ನೂ ಫಿತ್ಸೊ 2013ರಲ್ಲಿ ಮುರಿದರು. 20 ಕೊರುನಾ ಶುಲ್ಕ 2006ರಲ್ಲೇ ಹೋಗಿತ್ತು. ನಿಮ್ಮ ಸೋದರಳಿಯನ ಜೊತೆ ಐವತ್ತು ದಾಟಿದ ಸ್ಲೊವಾಕರು ಯಾರಾದರೂ ಕೆಲಸ ಮಾಡುತ್ತಿದ್ದರೆ, ಆ 20 ಕೊರುನಾ ಬಗ್ಗೆ ಒಮ್ಮೆ ಕೇಳಲು ಹೇಳಿ. ಬೈಯುತ್ತಾರೋ, ನಗುತ್ತಾರೋ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.