ಕಾನೂನು ಕೇಳಿ: ಬೇಲಿ ದಾಟುವ ಪ್ರವಾಸಿಗರು, ಮಿತಿ ದಾಟುವ ಮಾಲೀಕರು

ವಾರದ ಕೊನೆಯ ಪ್ರವಾಸಿಗರಿಂದ ಆಗುತ್ತಿರುವ ತಕರಾರುಗಳ ಬಗ್ಗೆ ಮಲೆನಾಡು ಮತ್ತು ಕೊಡಗಿನಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಉತ್ತರಗಳಲ್ಲಿ ‘ನ್ಯಾಯ ಸಂಹಿತೆ’, ‘ಸುರಕ್ಷಾ ಸಂಹಿತೆ’ ಎಂದರೆ ಇವೇ. ಕಾನೂನಿನ ಹೆಸರಿಲ್ಲದೆ ಬರೀ ಕಲಂ ಸಂಖ್ಯೆ ಇದ್ದರೆ ಅದು ನ್ಯಾಯ ಸಂಹಿತೆಯದು.

ಪ್ರಶ್ನೆ: ನಮ್ಮ ಕಾಫಿ ತೋಟದ ಅಂಚಿನಲ್ಲಿ ಸಣ್ಣ ಜಲಪಾತವಿದೆ. ಭಾನುವಾರ ಬಂದರೆ ಗೇಟಿನ ಬೀಗ ಒಡೆದು ಒಳಗೆ ಬರುತ್ತಾರೆ, ಕಿತ್ತಳೆ ಕೀಳುತ್ತಾರೆ, ಬಾಟಲಿ ಒಡೆದು ಹೋಗುತ್ತಾರೆ. ಮೊನ್ನೆ ನಮ್ಮ ರೈಟರ್ (ತೋಟದ ಮೇಲ್ವಿಚಾರಕ) ಮತ್ತು ಆಳುಗಳು ಅಟ್ಟಿಸಿಕೊಂಡು ಹೋಗಿ ರಸ್ತೆಯಲ್ಲಿ ಇಬ್ಬರಿಗೆ ದೊಣ್ಣೆಯಿಂದ ಹೊಡೆದರು. ಒಬ್ಬನ ಕೈ ಮುರಿದಿದೆ. ಈಗ ನನ್ನ ಮೇಲೂ ದೂರಾಗಿದೆ. ನನ್ನ ಜಾಗ ಕಾಯುವ ಹಕ್ಕು ನನಗಿಲ್ಲವೇ? — ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಹಕ್ಕು ಇದೆ. ಆದರೆ ಪೆಟ್ಟು ಬಿದ್ದದ್ದು ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದರ ಮೇಲೆ ನಿಮ್ಮ ಇಡೀ ಪ್ರಕರಣ ನಿಂತಿದೆ.

ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಖಾಸಗಿ ರಕ್ಷಣೆಯ ಹಕ್ಕಿನವು. ಕಳವು, ಹಾನಿ, ಅತಿಕ್ರಮ ಪ್ರವೇಶ ನಡೆಯುತ್ತಿದ್ದರೆ ತಡೆಯಲು ಬೇಕಾದಷ್ಟು ಬಲ ಬಳಸಬಹುದು. ಇದಕ್ಕೆ 37ನೇ ಕಲಂ ಎರಡು ಕಟ್ಟು ಹಾಕಿದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ, ಹಕ್ಕಿದ್ದರೂ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಇನ್ನು 43ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶ ಮತ್ತು ಹಾನಿಯ ವಿಷಯದಲ್ಲಿ ಆ ಕೃತ್ಯ ನಡೆಯುತ್ತಿರುವಷ್ಟು ಹೊತ್ತು ಮಾತ್ರ ಹಕ್ಕು ಬದುಕಿರುತ್ತದೆ. ಕಳ್ಳ ಮಾಲಿನೊಂದಿಗೆ ಓಡುತ್ತಿದ್ದರೆ ಅವನು ತಪ್ಪಿಸಿಕೊಂಡು ಹೋಗುವವರೆಗೆ, ಮಾಲು ಕೈಸೇರುವವರೆಗೆ ಅಥವಾ ಪೊಲೀಸರು ಬರುವವರೆಗೆ ಅದು ಮುಂದುವರಿಯುತ್ತದೆ. ನಿಮ್ಮಲ್ಲಿ ಅವರು ಗೇಟು ದಾಟಿ ರಸ್ತೆ ಸೇರಿದ್ದರು. ಬೆನ್ನು ತಿರುಗಿಸಿ ಹೋಗುತ್ತಿದ್ದವರ ಮೇಲೆ ಬಿದ್ದ ದೊಣ್ಣೆಯನ್ನು ನ್ಯಾಯಾಲಯ ರಕ್ಷಣೆ ಎನ್ನುವುದು ಕಷ್ಟ, ಸೇಡು ಎಂದೇ ನೋಡುತ್ತದೆ.

ಮೂಳೆ ಮುರಿತ ಎಂದರೆ ತೀವ್ರ ಗಾಯ. 117(2)ರಡಿ 7 ವರ್ಷದವರೆಗೆ ಜೈಲು ಮತ್ತು ದಂಡ. ನಿಮ್ಮ ಬೀಗ ಒಡೆದ ಅತಿಕ್ರಮ ಪ್ರವೇಶಕ್ಕೆ 329(3)ರಡಿ ಗರಿಷ್ಠ 3 ತಿಂಗಳು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ: ನಿಮ್ಮದೇ ಬಲವಾದ ದೂರಾಗಿತ್ತು, ಒಂದೇ ಪೆಟ್ಟಿಗೆ ಅದು ಎದುರಿನವರ ಕೈಗೆ ಹೋಯಿತು. ಅನ್ಯಾಯಕ್ಕೊಳಗಾದವರೇ ಆರೋಪಿಗಳಾಗಿ ನಿಲ್ಲುವುದು ಮನಸ್ಸಿಗೆ ನೋವಾಗುವ ಸಂಗತಿ, ಮತ್ತು ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಅದನ್ನು ತಪ್ಪಿಸಬಹುದಿತ್ತು. ‘ಹೊಡೆದವರು ಆಳುಗಳು, ನಾನಲ್ಲ’ ಎಂಬ ವಾದವನ್ನೂ ನೆಚ್ಚಬೇಡಿ. ನೀವು ಹೇಳಿ ಕಳಿಸಿದ್ದು ಸಾಬೀತಾದರೆ ಕೃತ್ಯ ನಿಮ್ಮದೂ ಹೌದು. ಐದು ಅಥವಾ ಹೆಚ್ಚು ಜನ ಸೇರಿದ್ದರೆ ಅಕ್ರಮ ಕೂಟ, ದೊಂಬಿಯ ಕಲಂಗಳೂ ಸೇರುತ್ತವೆ.

ಈಗ ಮಾಡಬೇಕಾದದ್ದು: ಮುರಿದ ಬೀಗ, ಗಾಜಿನ ಚೂರು, ಮುರಿದ ಗಿಡಗಳ ಫೋಟೊ ತೆಗೆದಿಟ್ಟುಕೊಂಡು ತಡಮಾಡದೆ ನಿಮ್ಮ ದೂರನ್ನೂ ಕೊಡಿ. ಆಳುಗಳಿಗೆ ಪೆಟ್ಟಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರ ಮಾಡಿಸಿ. ಸಿಸಿಟಿವಿ ಇದ್ದರೆ ಹಳೆಯ ದೃಶ್ಯ ಅಳಿಸಿಹೋಗುವ ಮೊದಲೇ ಪ್ರತಿ ತೆಗೆಯಿರಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಲ್ಲದಿದ್ದರೆ ಅದು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಖಾಸಗಿ ರಕ್ಷಣೆ ಎಂದು ವಾದಿಸುವುದಾದರೆ ತೋರಿಸಿಕೊಡುವ ಹೊಣೆ ಆರೋಪಿಯದು, ಇದನ್ನು ವಕೀಲರೊಂದಿಗೆ ಮೊದಲೇ ಮಾತಾಡಿ. ಕಾಯುವವನ ಕೈಯ ಪೆಟ್ಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಂಜಾಬಿನ ಒಂದು ಜಮೀನು ಗಲಾಟೆಯ ಪ್ರಕರಣದಲ್ಲಿ ಹೇಳಿದೆ ನಿಜ. ಆ ರಿಯಾಯಿತಿ ಎದುರಿಗೆ ಅಪಾಯ ನಿಂತಿದ್ದಾಗಿನದು, ಅದು ಹಿಂತಿರುಗಿ ಹೋದ ಮೇಲಿನದಲ್ಲ.

ಮುಂದಿನ ಸಲಕ್ಕೆ ಮುಖ್ಯವಾದ ಮಾತೊಂದಿದೆ. ಮ್ಯಾಪ್ ನೋಡಿಕೊಂಡು ದಾರಿ ತಪ್ಪಿ ಬಂದವನು ಅಪರಾಧಿಯಲ್ಲ. ಅಪರಾಧ ಎಸಗುವ ಅಥವಾ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಿರಿಕಿರಿಪಡಿಸುವ ಉದ್ದೇಶ ಇದ್ದಾಗಷ್ಟೇ ಅದು ಅಪರಾಧದ ಅತಿಕ್ರಮಣ. ಆದ್ದರಿಂದ ಗೇಟಿನಲ್ಲೂ ಬೇಲಿ ಮುಗಿಯುವ ಕಡೆಗಳಲ್ಲೂ ‘ಖಾಸಗಿ ತೋಟ, ಪ್ರವೇಶವಿಲ್ಲ’ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೋರ್ಡ್ ಹಾಕಿ. ಬಂದವರಿಗೆ ‘ಹೊರಡಿ’ ಎಂದು ಬಾಯಿಬಿಟ್ಟು ಹೇಳಿ, ಹೇಳಿದ್ದನ್ನು ವಿಡಿಯೊ ಮಾಡಿ. ಹೇಳಿದ ಮೇಲೂ ನಿಂತರೆ ಉದ್ದೇಶಕ್ಕೆ ಸಾಕ್ಷಿ ಅಲ್ಲೇ ಸಿಗುತ್ತದೆ. ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಕರೆ ಮಾಡಿ, ಕರೆಯ ಸಮಯ ದಾಖಲಾಗುತ್ತದೆ. ಹಿಡಿದು ಕೂಡಿಹಾಕಬೇಡಿ. ಸುರಕ್ಷಾ ಸಂಹಿತೆಯ 40ನೇ ಕಲಮಿನಡಿ ಸಾಮಾನ್ಯ ನಾಗರಿಕರು ಬಂಧಿಸಬಹುದಾದದ್ದು ಮುಖ್ಯವಾಗಿ ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದಾಗ. ಹಾಗೆ ಹಿಡಿದರೂ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಬರೀ ಅತಿಕ್ರಮ ಪ್ರವೇಶ ಜಾಮೀನು ಸಿಗುವ ಅಪರಾಧ. ನಾಲ್ಕು ಕಿತ್ತಳೆಯ ಮಾತಿಗೆ ಬಂದರೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ ಮಾಲು ಹಿಂತಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ.

ಜಲಪಾತವೂ ನಿಮ್ಮದೇ ಎಂದುಕೊಂಡಿದ್ದರೆ ಸರ್ವೆ ನಕ್ಷೆ ನೋಡಿ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 67ನೇ ಕಲಂ ಪ್ರಕಾರ ಹೊಳೆ, ಹಳ್ಳಗಳ ಪಾತ್ರ ಸಾಮಾನ್ಯವಾಗಿ ಸರ್ಕಾರದ್ದು. ಅಲ್ಲಿಗೆ ಹೋಗುವ ತೋಟದ ದಾರಿ ನಿಮ್ಮದಿರಬಹುದು, ನೀರಿಗಿಳಿದವರನ್ನು ‘ನನ್ನ ಜಾಗ’ ಎಂದು ಎಬ್ಬಿಸಲು ಬರುವುದಿಲ್ಲ. ನೀರಿನಲ್ಲಿರುವ ಹೆಣ್ಣುಮಕ್ಕಳ ವಿಡಿಯೊ ತೆಗೆದು ಗ್ರೂಪಿಗೆ ಹಾಕುವ ಕೆಲಸವನ್ನಂತೂ ಯಾರೂ ಮಾಡಬಾರದು. ಸಾಕ್ಷಿಗೆಂದು ತೆಗೆದದ್ದು ಪೊಲೀಸರಿಗಷ್ಟೇ ಹೋಗಬೇಕು.

ಪ್ರಶ್ನೆ: ಬೈಕಿನವರು ರಾತ್ರಿ ಹೊತ್ತು ನಮ್ಮ ಗದ್ದೆ ಬದುವಿನ ದಾರಿಯಲ್ಲಿ ನುಗ್ಗುತ್ತಾರೆ. ತಂತಿ ಕಟ್ಟು, ಇಲ್ಲ ಬೇಲಿಗೆ ಲೈನ್ ಕರೆಂಟ್ ಕೊಡು, ಒಬ್ಬನಿಗೆ ಬಿದ್ದರೆ ಉಳಿದವರು ಬರುವುದಿಲ್ಲ ಎನ್ನುತ್ತಾರೆ. ಬೋರ್ಡ್ ಹಾಕಿದರೆ ಸಾಕೇ? — ರೈತರು, ಸಕಲೇಶಪುರ

ಉತ್ತರ: ಯಾವ ಬೋರ್ಡೂ ಸಾಲದು. ದಯವಿಟ್ಟು ಮಾಡಬೇಡಿ.

ಕುತ್ತಿಗೆ ಎತ್ತರಕ್ಕೆ ಕಟ್ಟಿದ ತೆಳು ತಂತಿ ಹೆಡ್‌ಲೈಟಿನ ಬೆಳಕಿಗೆ ಕಾಣುವುದಿಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲೂ ಅದು ಗಂಟಲನ್ನು ಕೊಯ್ಯುತ್ತದೆ. ಲೈನಿನಿಂದ ಕೊಟ್ಟ 230 ವೋಲ್ಟ್ ಎಡೆಬಿಡದೆ ಹರಿಯುವುದರಿಂದ ಸ್ನಾಯು ಬಿಗಿದು ಹಿಡಿದ ಕೈ ಬಿಡಲಾಗುವುದಿಲ್ಲ. ಮಳೆಯಲ್ಲಿ ನೆಲ ಒದ್ದೆಯಾದರೆ ಅಪಾಯ ಇನ್ನೂ ಹೆಚ್ಚು. ಸಾಯುವವರು ಬೈಕಿನವರೇ ಆಗಬೇಕೆಂದಿಲ್ಲ. ಬೆಳಗಿನ ಜಾವ ನೀರು ಕಟ್ಟಲು ಹೋದ ಮನೆಯವರು, ಮೇಯುವ ದನ, ಪಕ್ಕದ ಮನೆಯ ಮಗು ಯಾರೂ ಆಗಬಹುದು. ಆಗ ಅದು ಕನಿಷ್ಠ 106ನೇ ಕಲಮಿನ ನಿರ್ಲಕ್ಷ್ಯದ ಸಾವು, 5 ವರ್ಷದವರೆಗೆ ಜೈಲು. ಜೀವ ಹೋಗಬಹುದೆಂದು ಗೊತ್ತಿದ್ದೇ ಇಟ್ಟದ್ದು ಎಂದಾದರೆ 105ನೇ ಕಲಮಿನ ನರಹತ್ಯೆಯವರೆಗೂ ಹೋಗುತ್ತದೆ. ನೀವು ಸ್ಥಳದಲ್ಲೇ ಇಲ್ಲದಿದ್ದಾಗ ಬಲೆಗೆ ‘ಅಗತ್ಯವಿದ್ದಷ್ಟೇ ಬಲ’ ಎಂಬ ಲೆಕ್ಕ ಗೊತ್ತಾಗುವುದಿಲ್ಲ, ಖಾಸಗಿ ರಕ್ಷಣೆಯ ವಾದ ಬೀಳುವುದು ಅಲ್ಲೇ. ದಾರಿಗೆ ಮೊಳೆ, ಗಾಜು ಹಾಕುವುದಕ್ಕೂ ನಾಯಿ ಛೂ ಬಿಡುವುದಕ್ಕೂ ಇದೇ ಮಾತು.

ಮಾಡಬಹುದಾದದ್ದು ಇದೆ. ಉಣುಗೋಲು ಅಥವಾ ಕಬ್ಬಿಣದ ಗೇಟು ಹಾಕಿ, ಪ್ರತಿಫಲಿಸುವ ಪಟ್ಟಿ ಅಂಟಿಸಿ, ದೂರದಿಂದಲೇ ಕಾಣುವಂತಿರಲಿ. ಸರಪಳಿಯಾದರೆ ಬಿಳಿ-ಕೆಂಪು ಬಟ್ಟೆ ಕಟ್ಟಿ. ನಮ್ಮ ಕಡೆ ಐಬೆಕ್ಸ್ ಬೇಲಿ ಎನ್ನುವ ಸೋಲಾರ್ ಬೇಲಿ ಹಾಕುವುದಾದರೆ ಮಾನ್ಯ ಎನರ್ಜೈಸರ್ (ಬೇಲಿಗೆ ಕರೆಂಟ್ ಬಿಡುವ ಉಪಕರಣ) ಮೂಲಕವೇ ಹಾಕಿಸಿ. ಅದರ ಕರೆಂಟ್ ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹೊಡೆದು ನಿಲ್ಲುವುದರಿಂದ ಕೈ ಬಿಡಿಸಿಕೊಳ್ಳಬಹುದು. ಬ್ಯಾಟರಿ ಕೈಕೊಟ್ಟಿತೆಂದು ಅದೇ ತಂತಿಗೆ ಮನೆಯ ಲೈನ್ ಸಿಕ್ಕಿಸುವುದೇ ಇದರಲ್ಲಿ ಆಗುವ ಅತಿ ದೊಡ್ಡ ತಪ್ಪು.

ಪ್ರಶ್ನೆ: ನನ್ನ ಜಮೀನಿನ ಮೂಲಕ ಪಕ್ಕದವರು 30 ವರ್ಷದಿಂದ ತೋಟಕ್ಕೆ ಓಡಾಡುತ್ತಿದ್ದರು. ಈಗ ಹೋಂಸ್ಟೇ ಮಾಡಿ ದಿನಕ್ಕೆ ಹತ್ತಾರು ಜೀಪು ಬಿಡುತ್ತಿದ್ದಾರೆ. ಸಿಟ್ಟು ಬಂದು ಜೆಸಿಬಿಯಿಂದ ದಾರಿಗೆ ಅಗಳು ತೆಗೆಸಿದೆ. ಅವರು ಮುಚ್ಚಿಸುತ್ತೇನೆ ಎನ್ನುತ್ತಿದ್ದಾರೆ. ಯಾರದು ಸರಿ? — ಸೋಮವಾರಪೇಟೆಯ ಓದುಗರು

ಉತ್ತರ: ಇಬ್ಬರೂ ಅವಸರಪಟ್ಟಿದ್ದೀರಿ. ಮೊದಲು ಗ್ರಾಮ ನಕ್ಷೆ ತೆಗೆಸಿ. ಅದು ನಕಾಶೆ ಕಂಡ ದಾರಿಯಾಗಿದ್ದರೆ ನೀವು ಮುಚ್ಚುವಂತೆಯೇ ಇಲ್ಲ, ತಹಶೀಲ್ದಾರರು ತೆರವು ಮಾಡಿಸಬಹುದು. ನಕ್ಷೆಯಲ್ಲಿ ಇಲ್ಲದಿದ್ದರೆ ಹದ್ದುಬಸ್ತು ಅರ್ಜಿ ಕೊಟ್ಟು ಅಳತೆ ಮಾಡಿಸಿ, ದಾರಿ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಅಗಲ ಇದೆ ಎಂಬುದು ಸ್ಕೆಚ್ಚಿನಲ್ಲಿ ಬರಲಿ.

ಅನುಮತಿ ಕೇಳದೆ, ಹಕ್ಕೆಂದು, ಅಡ್ಡಿಯಿಲ್ಲದೆ 20 ವರ್ಷ ಓಡಾಡಿದ್ದರೆ ಅನುಭೋಗದ ಹಕ್ಕು, ಅಂದರೆ ಬೇರೆಯವರ ಜಮೀನನ್ನು ದಾರಿಯಾಗಿ ಬಳಸುವ ಹಕ್ಕು ಬರುತ್ತದೆ. ಆ 20 ವರ್ಷ ದಾವೆ ಹೂಡುವ ದಿನಕ್ಕೆ ಹಿಂದಿನ ಎರಡು ವರ್ಷದೊಳಗೆ ಕೊನೆಗೊಂಡಿರಬೇಕು. ಅಂದರೆ ನೀವು ಅಗಳು ತೆಗೆದ ದಿನದಿಂದ ಅವರು ಸುಮ್ಮನೆ ಕೂರುವಂತಿಲ್ಲ. ಕೊಡಗಿಗೆ ಅನ್ವಯಿಸುವ 1882ರ ಅನುಭೋಗ ಅಧಿನಿಯಮದಲ್ಲಿ ನಿಮಗೆ ಅನುಕೂಲವಾದದ್ದೂ ಇದೆ: 28ನೇ ಕಲಂ ಪ್ರಕಾರ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ತೋಟಕ್ಕೆ ಗೊಬ್ಬರ, ಫಸಲು ಸಾಗಿಸುತ್ತಿದ್ದ ದಾರಿಯಲ್ಲಿ ಬಾಡಿಗೆ ಜೀಪುಗಳ ಸಾಲು ಬಿಡುವ ಹಕ್ಕಿದೆಯೇ ಎಂದು ಸಿವಿಲ್ ನ್ಯಾಯಾಲಯದಲ್ಲಿ ನೀವು ಪ್ರಶ್ನಿಸಬಹುದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಬಲವಾದ ವಾದ ಇದೇ, ಅಗಳು ತೆಗೆದು ಅದನ್ನು ನೀವೇ ದುರ್ಬಲ ಮಾಡಿಕೊಂಡಿದ್ದೀರಿ. ಅವರಿಗೂ ಮಿತಿ ಇದೆ. ಅದೇ ಕಾಯ್ದೆಯ 36ನೇ ಕಲಂ ಪ್ರಕಾರ ಅಡ್ಡಿಯನ್ನು ಅವರು ಸ್ವತಃ ತೆಗೆಯುವಂತಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು.

ತೋಟದ ಬಳಕೆಗೆ ಸಾಕಾಗುವಷ್ಟು ಅಗಲಕ್ಕೆ ಅಗಳನ್ನು ಈಗಲೇ ಮುಚ್ಚಿಸಿ, ಜೀಪುಗಳ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಅವರು ಮೊದಲು ಹೋಗುವ ಸೂಚನೆ ಇದ್ದರೆ ಕೇವಿಯಟ್ (ನಿಮ್ಮನ್ನು ಕೇಳದೆ ಆದೇಶ ಮಾಡಬಾರದೆಂದು ನ್ಯಾಯಾಲಯಕ್ಕೆ ಮೊದಲೇ ಕೊಡುವ ಅರ್ಜಿ) ಹಾಕಿ, ಅದು 90 ದಿನ ಚಾಲ್ತಿಯಲ್ಲಿರುತ್ತದೆ. ಗಲಾಟೆ ಏಳುವ ಹಂತಕ್ಕೆ ಬಂದರೆ ಸುರಕ್ಷಾ ಸಂಹಿತೆಯ 164ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿ ಸ್ವಾಧೀನ ಯಾರದೆಂದು ನೋಡಿ ಆದೇಶ ಮಾಡಬಹುದು, ಮಾಲೀಕತ್ವ ಅಲ್ಲಿ ತೀರ್ಮಾನವಾಗುವುದಿಲ್ಲ. ನೆಲೆನಿಂತ ಸ್ವಾಧೀನವನ್ನು ನಿಜವಾದ ಮಾಲೀಕನೂ ಬಲದಿಂದ ಕಿತ್ತುಕೊಳ್ಳುವಂತಿಲ್ಲ ಎಂದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರ ಡಿಸೆಂಬರಿನಲ್ಲಿ ಹೇಳಿದೆ. ಈ ಜಗಳಕ್ಕೆ ಏನೂ ಗೊತ್ತಿಲ್ಲದ ಪ್ರವಾಸಿಗರ ಜೀಪಿಗೆ ಕಲ್ಲು ಹೊಡೆಯುವುದು ಬೇರೆಯೇ ಅಪರಾಧ: ಹಾನಿ ಒಂದು ಲಕ್ಷ ರೂಪಾಯಿ ಮುಟ್ಟಿದರೆ 324(5)ರಡಿ 5 ವರ್ಷದವರೆಗೆ ಶಿಕ್ಷೆ. ಈಗಿನ ಗಾಡಿಗಳ ಗಾಜು, ಬಾಗಿಲಿಗೆ ಆ ಮೊತ್ತ ದೂರವಿಲ್ಲ.

ಪ್ರಶ್ನೆ: ಅತಿಥಿಗಳು ಟಿ.ವಿ. ಒಡೆದು ಹಣ ಕೊಡುವುದಿಲ್ಲ ಎಂದರು. ಕಾರಿನ ಕೀ, ಆಧಾರ್ ಕಾರ್ಡ್ ಇಟ್ಟುಕೊಂಡೆ. ತಪ್ಪೇ? — ಹೋಂಸ್ಟೇ ನಡೆಸುವವರು, ಚಿಕ್ಕಮಗಳೂರು

ಉತ್ತರ: ತಪ್ಪು, ಈಗಲೇ ಹಿಂತಿರುಗಿಸಿ. ಹೆದರಿಸಿ ಹಣ ಪಡೆದರೆ ಸುಲಿಗೆಯ 308ನೇ ಕಲಂ, ಹೊರಗೆ ಹೋಗದಂತೆ ತಡೆದರೆ 126, 127ನೇ ಕಲಂಗಳು ಬರುತ್ತವೆ. ಟಿ.ವಿ. ಆಕಸ್ಮಿಕವಾಗಿ ಬಿದ್ದಿದ್ದರೆ ಅದು ಪೊಲೀಸ್ ವಿಷಯವೇ ಅಲ್ಲ, ಬರೀ ಹಣದ ವ್ಯವಹಾರ. ಒಡೆದದ್ದರ ಫೋಟೊ, ಖರೀದಿ ಬಿಲ್ಲು, ರಿಪೇರಿಯ ಅಂದಾಜು ಇಟ್ಟುಕೊಂಡು ನೋಟಿಸ್ ಕೊಡಿ. ವಸೂಲಿ ದಾವೆಗೆ 3 ವರ್ಷ ಅವಧಿಯಿದೆ. ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ರಾಜಿಗೆ ಪ್ರಯತ್ನಿಸಿದರೆ ಖರ್ಚು ಉಳಿಯುತ್ತದೆ. ಇನ್ನು ಮುಂದೆ ಬುಕಿಂಗ್ ವೇಳೆಯೇ ಭದ್ರತಾ ಠೇವಣಿ ಪಡೆದು, ಷರತ್ತಿಗೆ ಸಹಿ ಹಾಕಿಸಿ. ಕೋಣೆ ಕೊಡುವಾಗ ಅತಿಥಿಯ ಎದುರೇ ವಿಡಿಯೊ ಮಾಡಿಕೊಳ್ಳಿ.

ಪ್ರಶ್ನೆ: ನಾವು ಪ್ರವಾಸಿಗರು. ಊರವರು ಕಾರು ಸುತ್ತುವರಿದು ಟೈರಿನ ಗಾಳಿ ಬಿಟ್ಟರು. ಅಂಥ ಹೊತ್ತಿನಲ್ಲಿ ಏನು ಮಾಡಬೇಕು? — ಬೆಂಗಳೂರಿನ ಓದುಗರು

ಉತ್ತರ: ಕಾರಿನ ಬಾಗಿಲು ಹಾಕಿಕೊಂಡು 112ಕ್ಕೆ ಕರೆ ಮಾಡಿ. ಜನರ ನಡುವೆ ಗಾಡಿ ನುಗ್ಗಿಸಬೇಡಿ, ಯಾರಿಗಾದರೂ ತಾಗಿದರೆ ಪ್ರಕರಣ ತಿರುಗಿಬೀಳುತ್ತದೆ. ಗೊತ್ತಿಲ್ಲದೆ ಖಾಸಗಿ ಜಾಗದಲ್ಲಿ ನಿಲ್ಲಿಸಿದ್ದರೆ ‘ತಪ್ಪಾಯಿತು, ತೆಗೆಯುತ್ತೇವೆ’ ಎನ್ನಿ. ಅನೇಕ ಕಡೆ ಜಗಳ ಅಲ್ಲಿಗೇ ಮುಗಿಯುತ್ತದೆ. ದೂರನ್ನು ಊರಿಗೆ ಮರಳಿದ ಮೇಲೂ ಯಾವುದೇ ಠಾಣೆಯಲ್ಲಿ ಶೂನ್ಯ ಎಫ್‌ಐಆರ್ ಆಗಿ ಕೊಡಬಹುದು.

ಪ್ರಶ್ನೆ: ಊರಿನ ರಸ್ತೆಗೆ ಅಡ್ಡ ಹಾಕಿ, ಹೊರಗಿನ ಗಾಡಿಗಳಿಂದ ಪ್ರವೇಶ ಶುಲ್ಕ ವಸೂಲಿ ಮಾಡೋಣ ಎಂದು ಯುವಕರೆಲ್ಲ ತೀರ್ಮಾನಿಸಿದ್ದೇವೆ. ಕಾನೂನು ತೊಡಕಿದೆಯೇ? — ಯುವಕ ಸಂಘ, ಹೊಸನಗರ ತಾಲ್ಲೂಕು

ಉತ್ತರ: ಸಾರ್ವಜನಿಕ ರಸ್ತೆಯಾದರೆ ಸಂಘಕ್ಕೆ ಆ ಅಧಿಕಾರವಿಲ್ಲ. ವಸೂಲಿ ಜಗಳಕ್ಕೆ ತಿರುಗಿ, ಹೊರಗಿನವರೆಂದು ಭಾಷೆ, ಹುಟ್ಟೂರು ನೋಡಿ ಐದು ಅಥವಾ ಹೆಚ್ಚು ಜನ ಸೇರಿ ತೀವ್ರವಾಗಿ ಗಾಯಗೊಳಿಸಿದರೆ 117(4)ರಡಿ ಗುಂಪಿನ ಪ್ರತಿಯೊಬ್ಬರಿಗೂ 7 ವರ್ಷದವರೆಗೆ, ಸಾವಾದರೆ 103(2)ರಡಿ ಜೀವಾವಧಿ ಅಥವಾ ಮರಣದಂಡನೆ. ಕಲ್ಲು ಎತ್ತದೆ ಬರೀ ನಿಂತಿದ್ದವನೂ ಗುಂಪಿನ ಲೆಕ್ಕಕ್ಕೆ ಸೇರಬಹುದು.

ನಿಮ್ಮ ತೊಂದರೆ ನಿಜವಾದದ್ದು, ದಾರಿಯೂ ಇದೆ. ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಿರ್ಣಯ ಮಾಡಿಸಿ. ರಸ್ತೆಯ ಅಗಲ, ಆಂಬುಲೆನ್ಸ್ ಸಿಕ್ಕಿಹಾಕಿಕೊಂಡ ದಿನಾಂಕ, ಧರೆ ಕುಸಿದ ಜಾಗ, ಕಸದ ಫೋಟೊ ಇವನ್ನೆಲ್ಲ ಸೇರಿಸಿ ಜಿಲ್ಲಾಧಿಕಾರಿಗೆ ಕಳಿಸಿ. ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಮಿನಡಿ ಸಾರ್ವಜನಿಕ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ ವಾಹನ ಸಂಚಾರವನ್ನು ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ನಿರ್ಬಂಧಿಸಬಹುದು. ‘ಪ್ರವಾಸಿಗರು ಬೇಡ’ ಎಂದು ಬರೆದ ಅರ್ಜಿಗಿಂತ ‘ಈ 3 ಮೀಟರ್ ರಸ್ತೆಯಲ್ಲಿ ಭಾನುವಾರ ಇಷ್ಟು ಗಾಡಿ’ ಎಂದು ಎಣಿಸಿ ಬರೆದ ಅರ್ಜಿಗೆ ಕಚೇರಿಯಲ್ಲಿ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ವಾಹನ ನಿಲುಗಡೆಗೆ ಪಂಚಾಯಿತಿಯೇ ಕಾನೂನಿನಂತೆ ಶುಲ್ಕ ನಿಗದಿ ಮಾಡಿದರೆ, ರಸೀದಿ ಹರಿದು ಕೊಡುವ ಕೆಲಸವನ್ನು ಅದರಿಂದ ಲಿಖಿತವಾಗಿ ವಹಿಸಿಕೊಳ್ಳಲು ಸಂಘ ಕೇಳಬಹುದು.