ಊರಿಗೆಲ್ಲ ಹೊಟ್ಟೆಕಿಚ್ಚು ಅಂತೀರಾ?

ವಿಜಯಪುರ ಜಿಲ್ಲೆಯ ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಬರೆದಿದ್ದಾರೆ: "ಮಣೂಕಕ್ಕೆ (ಒಣದ್ರಾಕ್ಷಿಗೆ) ಒಳ್ಳೆ ರೇಟು ಸಿಕ್ಕಿತು. ಮನೆ ಕಟ್ಟಿಸಿದೆ, ಕಾರು ತಗೊಂಡೆ. ಆವಾಗಿನಿಂದ ಊರಲ್ಲಿ ಯಾರೂ ಸರಿಯಾಗಿ ಮಾತಾಡುತ್ತಿಲ್ಲ. ಡ್ರಿಪ್ ಪೈಪನ್ನೂ ಯಾರೋ ಕೊಯ್ದು ಹಾಕಿದರು. ಮುಂದೆ ಬಂದವರನ್ನು ಕಂಡು ಉರಿದುಕೊಳ್ಳುವುದು ನಮ್ಮ ಜನರ ರಕ್ತದಲ್ಲೇ ಇದೆಯೇ?"

ಅಣ್ಣಾರೇ, ಪೈಪ್ ಕೊಯ್ದದ್ದು ತಪ್ಪು. ಪೊಲೀಸರಿಗೆ ಕಂಪ್ಲೇಂಟ್ ಕೊಡಿ. ಚಾಟ್ನಿಯಿಂದ, ಅಂದರೆ ಬಳ್ಳಿ ಸವರುವುದರಿಂದ ಹಿಡಿದು ಶೆಡ್ಡಿನ ಬಲೆ ಮೇಲೆ ಹಣ್ಣು ಒಣಗುವವರೆಗೆ ನಿದ್ದೆಗೆಟ್ಟವರು ನೀವು, ಅದೂ ಸರಿ. ಆದರೆ 'ರಕ್ತದಲ್ಲೇ' ಅಂದಿರಲ್ಲ, ಅಲ್ಲಿದೆ ನನ್ನ ಜಗಳ.

ಜಾರ್ಜ್ ಫಾಸ್ಟರ್ ಎಂಬ ಮಾನವಶಾಸ್ತ್ರಜ್ಞರು ಮೆಕ್ಸಿಕೋದ ಕುಂಬಾರರ ಊರೊಂದನ್ನು ಹತ್ತಿರದಿಂದ ನೋಡಿದವರು. 1965ರಲ್ಲಿ ಅವರು ಬರೆದದ್ದು ಇಷ್ಟು: ಅಲ್ಲಿನವರ ಲೆಕ್ಕದಲ್ಲಿ ಹೊಲ, ದುಡ್ಡು, ಮರ್ಯಾದೆ ಎಲ್ಲ ಇರುವುದೇ ಇಷ್ಟು, ಒಬ್ಬನಿಗೆ ಜಾಸ್ತಿ ಬಂತೆಂದರೆ ಇನ್ನೊಬ್ಬನ ಪಾಲು ಹೋಯಿತು. ಇದನ್ನು ಹಳ್ಳಿಯವರ ಮೂಢನಂಬಿಕೆ ಅಂತ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ನಮ್ಮ ಕಡೆ ನೀರಿನ ಲೆಕ್ಕ ನಿಜವಾಗಿಯೂ ಹಾಗೇ ಇದೆ ಅಲ್ವಾ? ಒಬ್ಬರು 800 ಅಡಿ ಕೊರೆಸಿದ ಮೇಲೆ ಪಕ್ಕದವರ 300 ಅಡಿ ಬೋರು ಬರೀ ಗಾಳಿ ಉಗುಳಿದರೆ, ಅವರು ಬಂದು ಆರತಿ ಎತ್ತಬೇಕಾ?

ಇನ್ನೊಂದು ಕೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ತಂಡ ಅಮೆರಿಕದ ಸೈನಿಕರನ್ನು ಮಾತಾಡಿಸಿತ್ತು. 1949ರಲ್ಲಿ ಅದು ಅಚ್ಚಾಯಿತು. ಬಡ್ತಿ ಬೇಗ ಸಿಗುವ ವಾಯುದಳದಲ್ಲೇ ಬಡ್ತಿ ಬಗ್ಗೆ ಗೊಣಗಾಟ ಜಾಸ್ತಿ! ಬಡ್ತಿ ಅಪರೂಪವಾದ ಮಿಲಿಟರಿ ಪೊಲೀಸರಲ್ಲಿ ಕಡಿಮೆ. ನಿಮ್ಮೂರೂ ಹಾಗೇ. ಎಲ್ಲರೂ ಬಿಳಿಜೋಳ ಬಿತ್ತುತ್ತಿದ್ದಾಗ ಹೋಲಿಸಿ ನೋಡಲು ಏನಿತ್ತು? ನಾಲ್ಕು ಜನ ದ್ರಾಕ್ಷಿ ಹಾಕಿ ಮೇಲೆದ್ದ ಮೇಲೆ ಐದನೆಯವನು ತನ್ನ ಹೊಲ ನೋಡಿಕೊಂಡ. ಆಸೆ ಹುಟ್ಟಿತು. ಸಾಲ ಕೇಳಿದರೆ ಬ್ಯಾಂಕಿನವರು ಉತಾರ (ಪಹಣಿ) ನೋಡಿ, ಹೊಲ ಸಣ್ಣದು ಅಂತ ವಾಪಸ್ ಕಳಿಸಿದರು. ಮುಂಬೈಯ ಕೋಟ್ಯಧೀಶನ ಮೇಲೆ ಅವನಿಗೇನೂ ಅನಿಸುವುದಿಲ್ಲ. ಒಂದೇ ಶಾಲೆಯಲ್ಲಿ ಪಕ್ಕಕ್ಕೆ ಕೂತ ನಿಮ್ಮ ಮೇಲೆ ಅನಿಸುತ್ತದೆ.

ಇಂಡಿ ಕಡೆಯ ಲಿಂಬೆ ಬೆಳೆಗಾರರೊಬ್ಬರು ನನಗೆ ಗೊತ್ತು. ಬೇಸಿಗೆಯಲ್ಲಿ ರಾತ್ರಿ ಕರೆಂಟ್ ಬಂದಾಗ ತಮ್ಮ ಗಿಡಕ್ಕೆ ನೀರಾದ ಮೇಲೆ ಪೈಪನ್ನು ಬದು ದಾಟಿಸಿ ಪಕ್ಕದ ಹೊಲಕ್ಕೆ ಬಿಡುತ್ತಾರೆ. ಅವರಿಗೂ ಕಾರಿದೆ. ಕೆಟ್ಟು ನಿಂತರೆ ಊರವರೇ ಬಂದು ತಳ್ಳುತ್ತಾರೆ.

ಸಾಧಕರು ಅಂದರೆ ಈಗ ಶಾಲು, ಪೇಟ, ಬಸ್‌ಸ್ಟ್ಯಾಂಡ್ ಎದುರಿಗೊಂದು ಫ್ಲೆಕ್ಸು. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡ ಕಥೆಯನ್ನು ವೇದಿಕೆ ಮೇಲೆ ಚಪ್ಪಾಳೆ ತಟ್ಟಿ ಕೇಳುತ್ತೇವೆ. ಟ್ಯಾಂಕರ್ ತರಿಸಲು ದುಡ್ಡಿಲ್ಲದೆ ಬಳ್ಳಿ ಕಿತ್ತು ಹಾಕಿದವನನ್ನು ಯಾರು ವೇದಿಕೆಗೆ ಕರೆದರು? ಅವನು ಬಾಯಿ ಬಿಟ್ಟರೆ ಹೊಟ್ಟೆಕಿಚ್ಚು. ಮಣೂಕ ಆರಿಸುವ ಹೆಣ್ಣುಮಕ್ಕಳು ಕೂಲಿ ಜಾಸ್ತಿ ಕೇಳಿದರೂ ಹೊಟ್ಟೆಕಿಚ್ಚು. ಸಬ್ಸಿಡಿ ಯಾರ್ಯಾರಿಗೆ ಹೋಯಿತು ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಿದವನಿಗಂತೂ ಊರ ಮುಂದೆಯೇ ಅದೇ ಪಟ್ಟ. ನಮ್ಮ ಪತ್ರಿಕೆಗಳೂ ಕಡಿಮೆಯೇನಿಲ್ಲ, ಗೆದ್ದವರ ಮನೆಗೇ ಕ್ಯಾಮೆರಾ ಹಿಡಿದು ಓಡುತ್ತೇವೆ.

ಪತ್ರದ ಜೊತೆ ನೀವು ಕಳಿಸಿದ ಸನ್ಮಾನದ ಫೋಟೋಗೆ ಈ ಸಲ ಜಾಗ ಸಿಗಲಿಲ್ಲ. ನಿಮ್ಮ ಬೋರು ಎಷ್ಟು ಅಡಿ, ಪಕ್ಕದ ಹೊಲದ್ದು ಎಷ್ಟು, ಅದರಲ್ಲಿ ಈಗ ನೀರಿದೆಯಾ, ಇಷ್ಟು ಬರೆದು ಕಳಿಸಿ. ಅದನ್ನು ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ.

– ಸಂಪಾದಕ