ಕಂಪನಿಗೆ ಎಐ ತರುವ ಮುನ್ನ ಮಾಹಿತಿ ನಿರ್ವಹಣೆ ಸರಿಪಡಿಸಬೇಕೇ?

ಹೌದು, ಮೊದಲು ಅದೇ. ಕಚೇರಿಯ ಕಡತ ಹುಡುಕಿ ಉತ್ತರಿಸುವ ಎಐ ಸಾಮಾನ್ಯವಾಗಿ, ಕೇಳಿದವರಿಗೆ ತೆರೆಯಲು ಅನುಮತಿ ಇರುವ ಫೈಲುಗಳನ್ನೆಲ್ಲ ಜಾಲಾಡುತ್ತದೆ. ಯಾರೋ ಎಂದೋ ಎಲ್ಲರಿಗೂ ಶೇರ್ ಮಾಡಿ ಮರೆತ ಸಂಬಳದ ಪಟ್ಟಿ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೇ. ಈಗ ಒಂದು ಪ್ರಶ್ನೆ ಕೇಳಿದರೆ ಸಾಕು, ಹೊರಬರುತ್ತದೆ. ಹಾಗಾಗಿ ಫೋಲ್ಡರ್ ಅನುಮತಿಗಳ ಪರಿಶೀಲನೆಗೇ ಜಾಸ್ತಿ ಸಮಯ ಕೊಡಿ.

ಹಳೇ ಕರಡುಗಳದ್ದು ಇನ್ನೊಂದು ತಲೆನೋವು. ಒಂದೇ ರಜೆ ನಿಯಮದ ನಾಲ್ಕು ಪ್ರತಿ ಇದ್ದರೆ, ಎಐ ರದ್ದಾದದ್ದನ್ನೇ ಎತ್ತಿಕೊಂಡು ಧೈರ್ಯವಾಗಿ ಹೇಳಬಹುದು. ಅವಧಿ ಮುಗಿದದ್ದನ್ನು ಅಳಿಸಿ, ಉಳಿದದ್ದಕ್ಕೆ ಒಬ್ಬರನ್ನು ಹೊಣೆ ಮಾಡಿ.

ಚೌಕಟ್ಟು ಬೇಕಿದ್ದರೆ 2023ರ ಡಿಸೆಂಬರ್‌ನಲ್ಲಿ ಬಂದ ಐಎಸ್‌ಒ 42001 ಎಂಬ ಎಐ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಇದೆ. ಸಿಬ್ಬಂದಿ ಎಐಗೆ ಟೈಪ್ ಮಾಡುವ ಪ್ರಶ್ನೆಗಳೂ ದಾಖಲೆಯೇ ಅಲ್ವಾ? ಅವನ್ನು ಎಷ್ಟು ಕಾಲ ಇಡಬೇಕು ಅನ್ನೋದನ್ನೂ ಮೊದಲೇ ತೀರ್ಮಾನಿಸಿ.